ಹಸಿವೆಯೂ ಹೊತ್ತೂ

ನಮ್ಮ ಶಾಲೆಯಲ್ಲಿ ಕೂಡುವ ತಾಯಂದಿರ ಸಭೆಗಳಲ್ಲಿ ವರುಷ ವರುಷವೂ ತಪ್ಪದೆ ಕೇಳಿಬರುವ ದೂರು ಒಂದುಂಟು. "ಟೀಚರೇ, ಇವಳು ಬೆಳಿಗ್ಗೆ ಗಂಜಿಯನ್ನು ಮೂಸಿಯೂ ನೋಡುವದಿಲ್ಲ, ರಾತ್ರಿ ಒಂಬತ್ತು ಹೊಡೆದ ಮೇಲೆ ಅಡಿಗೆಮನೆಯ ಡಬ್ಬಿಗಳನ್ನೆಲ್ಲಾ ತಡಕುತ್ತಾಳೆ. ನೀವಾದರೂ ಬುದ್ಧಿ ಹೇಳಿರಿ" ಎಂಬದೇ ಆ ದೂರು. ಮಗಳನ್ನು ಕೇಳಿದರೆ, "ಬೆಳಿಗ್ಗೆ ಹಸಿವೇ ಆಗುವದಿಲ್ಲ ಟೀಚರ್" ಎಂಬ ಒಂದೇ ಉತ್ತರ. ತಾಯಿಯು ಇದನ್ನು ಹಟವೆನ್ನುವಳು. ಅಜ್ಜಿಯು ನಾಲಿಗೆಯ ಚಪಲವೆನ್ನುವಳು. ನೆರೆಮನೆಯವರು ಈ ಕಾಲದ ಹುಡುಗಿಯರ ಸೊಬಗಿನ ಹುಚ್ಚೆನ್ನುವರು. ಹುಡುಗಿಯ ಮಾತು ನಿಜವಾಗಿರಬಹುದೋ ಎಂದು ವಿಚಾರಿಸುವವರು ಮಾತ್ರ ಕಡಮೆ. ಈ ಸ್ಮರಣ ಸಂಚಿಕೆಗೆ ಆರೋಗ್ಯ ವಿಷಯವಾದ ಲೇಖನವೊಂದನ್ನು ಬರೆಯಬೇಕೆಂದು ನಮ್ಮನ್ನು ಕೇಳಿಕೊಂಡದ್ದರಿಂದ, ಆ ವಿಚಾರಣೆಯನ್ನೇ ಇಲ್ಲಿ ಮಾಡೋಣವೆಂದಿದ್ದೇವೆ.

ಹಸಿವೆಯೆಂದರೆ ಬರಿದಾದ ಹೊಟ್ಟೆಯ ಕೂಗೆಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿದ್ದಾರೆ. ಕೊಡ ಬರಿದಾದರೆ ನೀರು ತುಂಬಬೇಕು, ಹೊಟ್ಟೆ ಬರಿದಾದರೆ ಅನ್ನ ತುಂಬಬೇಕು, ಅಷ್ಟೇ ಎಂಬ ಎಣಿಕೆ. ಆದರೆ ಈ ಎಣಿಕೆಯು ಸರಿಯಾಗಿದ್ದರೆ, ರಾತ್ರಿಯ ಊಟದ ತರುವಾಯ ಹತ್ತು ಗಂಟೆಗಳ ಪರ್ಯಂತ ಏನನ್ನೂ ತಿನ್ನದೆ ಮಲಗಿ ಎದ್ದವರೆಲ್ಲರೂ ಹಾಸಿಗೆಯಿಂದ ನೇರವಾಗಿ ಅಡಿಗೆಮನೆಗೆ ಓಡಬೇಕಾಗಿತ್ತು. ಹಾಗೆ ಓಡುವವರು ಎಷ್ಟು ಮಂದಿ? ಮಧ್ಯಾಹ್ನದ ಊಟವಾಗಿ ನಾಲ್ಕೇ ತಾಸು ಕಳೆದಿರುವಾಗ ಸಾಯಂಕಾಲ ತಿಂಡಿಗಾಗಿ ಹಾತೊರೆಯುವವರೇ ಹೆಚ್ಚು. ಹೊಟ್ಟೆಯ ಬರಿದುತನವೊಂದೇ ಕಾರಣವಲ್ಲವೆಂಬದು ಇದರಿಂದಲೇ ಗೊತ್ತಾಗುವದು.

ಇದನ್ನು ತಕ್ಕ ರೀತಿಯಲ್ಲಿ ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕಾ ದೇಶದ ವಿಜ್ಞಾನಿಯಾದ ಫ್ರಾಂಕ್ ಶೀರ್ ಎಂಬವರು ತಮ್ಮ ಸಂಗಡಿಗರೊಡನೆ ೨೦೧೩ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ೧೨ ಮಂದಿ ಆರೋಗ್ಯವಂತರು ೧೩ ದಿವಸ ಮಂದ ಬೆಳಕಿನ ಕೋಣೆಗಳಲ್ಲಿ ಇದ್ದರು. ಹೊರಗಿನ ಹಗಲು ರಾತ್ರಿಗಳು ಅವರಿಗೆ ಕಾಣುತ್ತಿದ್ದಿಲ್ಲ. ಅವರ ದಿನವನ್ನು ೨೪ ಗಂಟೆಗೆ ಬದಲಾಗಿ ೨೦ ಗಂಟೆಗೆ ಇಳಿಸಿ, ನಿದ್ರೆಯನ್ನೂ ಊಟವನ್ನೂ ಆ ಲೆಕ್ಕದಂತೆಯೇ ನಡಿಸಿದರು. ಹೀಗೆ ಮಾಡಿದುದರಿಂದ ದಿನದಿನಕ್ಕೂ ಊಟದ ಹೊತ್ತು ಸರಿದು, ದೇಹದ ಎಲ್ಲಾ ಗಳಿಗೆಗಳಲ್ಲಿಯೂ ಊಟವು ಬಿದ್ದಂತಾಯಿತು. ಆಗ ಕಂಡುಬಂದದ್ದೇನಂದರೆ, ಉಂಡು ಎಷ್ಟು ಹೊತ್ತಾಯಿತೆಂಬದನ್ನು ಲೆಕ್ಕದಿಂದ ತೆಗೆದುಹಾಕಿದ ಮೇಲೆಯೂ ಹಸಿವೆಯು ತನ್ನದೇ ಒಂದು ಏರಿಳಿತವನ್ನು ಇಟ್ಟುಕೊಂಡಿತ್ತು. ದೇಹದ ಲೆಕ್ಕದಲ್ಲಿ ಬೆಳಿಗ್ಗೆ ಸುಮಾರು ೮ ಗಂಟೆಗೆ ಅದು ಎಲ್ಲಕ್ಕಿಂತ ಕಡಮೆ. ರಾತ್ರಿ ಸುಮಾರು ೮ ಗಂಟೆಗೆ ಎಲ್ಲಕ್ಕಿಂತ ಹೆಚ್ಚು. ಆದಕಾರಣ "ಬೆಳಿಗ್ಗೆ ಹಸಿವಾಗುವದಿಲ್ಲ" ಎಂದು ಹೇಳುವ ಹುಡುಗಿಯು ಸುಳ್ಳುಗಾರ್ತಿಯಲ್ಲ. ಅವಳ ದೇಹವು ಅವಳಿಗೆ ಹೇಳಿದ್ದನ್ನೇ ಅವಳು ನಮಗೆ ಹೇಳುತ್ತಿದ್ದಾಳೆ.

ಹಾಗಾದರೆ ದೇಹಕ್ಕೆ ಹೊತ್ತನ್ನು ತಿಳಿಸುವವರು ಯಾರು? ಹುಣಿಸೆಯ ಎಲೆಗಳು ಸಂಜೆಗೆ ಮುಚ್ಚಿಕೊಳ್ಳುವದನ್ನು ಹಳ್ಳಿಯ ಮಕ್ಕಳೆಲ್ಲರೂ ಬಲ್ಲರು. ನಮ್ಮ ಆಟದ ಬೈಲಿನ ಅಂಚಿನಲ್ಲಿ ಕಾಲಿಗೆ ಚುಚ್ಚುವ ನಾಚಿಕೆಮುಳ್ಳೂ ಹಾಗೆಯೇ. ಫ್ರಾನ್ಸ್ ದೇಶದ ಡ ಮೆರಾನ್ ಎಂಬ ಪಂಡಿತನು ೧೭೨೯ರಲ್ಲಿ ಈ ನಾಚಿಕೆಮುಳ್ಳಿನ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದನು. ಸೂರ್ಯನನ್ನು ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿಯ ಹೊತ್ತಿಗೆ ಮಡಿಸಿತು. ಅಂದರೆ ಗಡಿಯಾರವು ಆಕಾಶದಲ್ಲಿ ಮಾತ್ರವಲ್ಲ, ಗಿಡದ ಒಳಗೂ ಇದೆಯೆಂದಾಯಿತು. ಜೇನುನೊಣಗಳ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಸ್ವಿಟ್ಜರ್ಲೆಂಡಿನ ವೈದ್ಯನಾದ ಆಗಸ್ಟ್ ಫೊರೆಲ್ ಎಂಬವನು ತನ್ನ ಕುಟುಂಬದೊಡನೆ ಬೆಳಗಿನ ಉಪಾಹಾರವನ್ನು ಮನೆಯ ಜಗಲಿಯಲ್ಲಿ ಮಾಡುತ್ತಿದ್ದನು. ಮೇಜಿನ ಮೇಲಿನ ಹಣ್ಣಿನ ಪಾಕಕ್ಕೆ ಜೇನುನೊಣಗಳು ಮುತ್ತುತ್ತಿದ್ದವು. ಒಂದು ದಿನ ಒಳಗೆ ಕೂತು ತಿಂದಾಗ್ಯೂ ಅವು ಅದೇ ಹೊತ್ತಿಗೆ ಜಗಲಿಗೆ ಬಂದು ಬರಿದಾದ ಮೇಜನ್ನು ಸುತ್ತಿದವಂತೆ. ಅವುಗಳನ್ನು ಕರೆದದ್ದು ಪಾಕದ ವಾಸನೆಯಲ್ಲ, ಹೊತ್ತು. ಊಟದ ಗಂಟೆಯ ಹಗ್ಗಕ್ಕೆ ಕೈಯಿಡುವ ಮೊದಲೇ ಸಾಲಾಗಿ ನಿಲ್ಲುವ ನಮ್ಮ ಬೋರ್ಡಿಂಗಿನ ಚಿಕ್ಕ ಮಕ್ಕಳನ್ನು ನೋಡಿದಾಗಲೆಲ್ಲಾ ಆ ನೊಣಗಳ ನೆನಪು ನಮಗಾಗುವದುಂಟು.

ಮನುಷ್ಯರೂ ಇದಕ್ಕೆ ಹೊರತಲ್ಲ. ಮಿಷೆಲ್ ಸಿಫ್ರ್ ಎಂಬ ಫ್ರೆಂಚ್ ತರುಣನು ೧೯೬೨ನೇ ಜುಲೈ ೧೬ರಂದು ಆಲ್ಪ್ಸ್ ಪರ್ವತದ ಒಂದು ಗುಹೆಯೊಳಗೆ ಗಡಿಯಾರವಿಲ್ಲದೆ ಇಳಿದು ಸಪ್ಟೆಂಬರ್ ೧೪ರಂದು ಹೊರಗೆ ಬಂದನು. ಅವನ ಸ್ವಂತ ಎಣಿಕೆಯಲ್ಲಿ ಆ ದಿನವು ಆಗಸ್ಟ್ ೨೦ ಆಗಿತ್ತು. ಮನಸ್ಸು ಹೀಗೆ ಲೆಕ್ಕ ತಪ್ಪಿದ್ದರೂ, ದೇಹವು ಮಲಗುತ್ತಾ ಏಳುತ್ತಾ ೨೪ ಗಂಟೆಗಿಂತ ಸ್ವಲ್ಪವೇ ಉದ್ದವಾದ ದಿನವನ್ನು ಬಿಡದೆ ನಡಿಸಿತ್ತು. ನಮ್ಮ ದಕ್ಷಿಣ ದೇಶದಲ್ಲಿಯೂ ಮಧುರೈಯ ವಿಶ್ವವಿದ್ಯಾಲಯದ ಎಂ. ಕೆ. ಚಂದ್ರಶೇಖರನ್ ಎಂಬವರು ಗುಹೆಯ ಬಾವಲಿಗಳಲ್ಲಿ ಈ ಗಡಿಯಾರವನ್ನು ಬಹುಕಾಲ ಪರಿಶೋಧಿಸಿದರು. ಗಡಿಯಾರದ ಸ್ಥಾನವು ತಿಳಿದದ್ದು ೧೯೭೨ರಲ್ಲಿ. ಎರಡು ಕಣ್ಣುಗಳಿಂದ ಬರುವ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುವ ಕಡೆಯಲ್ಲಿ, ಅವುಗಳ ಮೇಲ್ಗಡೆಗೆ, ಸುಮಾರು ೨೦ ಸಾವಿರ ಜೀವಕೋಶಗಳ ಜೋಡಿ ಗಂಟೊಂದಿದೆ. ಅದೇ ದೇಹದ ದೊಡ್ಡ ಗಡಿಯಾರ. ದಿನಕ್ಕೆ ಕೆಲವು ನಿಮಿಷಗಳಷ್ಟು ಹಿಂದೆ ಬೀಳುವ ಸ್ವಭಾವವುಳ್ಳ ಈ ಗಡಿಯಾರವನ್ನು ಪ್ರಾತಃಕಾಲದ ಬೆಳಕು ಕಣ್ಣಿನ ಮೂಲಕ ಸರಿಪಡಿಸುತ್ತದೆ. ಜೀವಕೋಶದೊಳಗೆ ಈ ಗಡಿಯಾರವು ನಡೆಯುವ ರೀತಿಯನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಇಲ್ಲಿಗೆ ಮುಗಿದಿದ್ದರೆ ವಿಷಯವು ಸುಲಭವಾಗಿತ್ತು. ಆದರೆ ದೇಹದಲ್ಲಿ ಇರುವದು ಒಂದೇ ಗಡಿಯಾರವಲ್ಲ. ದೇವಾಲಯದ ಗೋಪುರದಲ್ಲಿ ದೊಡ್ಡ ಗಡಿಯಾರವೊಂದಿದ್ದು, ಊರಿನ ಮನೆಮನೆಯಲ್ಲಿ ಗೋಡೆಗೊಂದೊಂದು ಇರುವಂತೆ, ಯಕೃತ್ತು, ಅಂದರೆ ಲಿವರು, ಜಠರ, ಕರುಳು, ಮಾಂಸಖಂಡ, ಕೊಬ್ಬು ಇವುಗಳಲ್ಲೆಲ್ಲಾ ಸಣ್ಣ ಗಡಿಯಾರಗಳಿವೆ. ಜಿನೀವಾ ಪಟ್ಟಣದ ವಿಜ್ಞಾನಿಗಳು ೨೦೦೦ದಲ್ಲಿ ಪ್ರಕಟಿಸಿದ ಶೋಧನೆಯು ಬಹಳ ಆಲೋಚಿಸತಕ್ಕದ್ದಾಗಿದೆ. ಇಲಿಗಳು ಸ್ವಭಾವದಿಂದ ರಾತ್ರಿ ತಿನ್ನುವಂಥವು. ಅವುಗಳಿಗೆ ಹಗಲಿನಲ್ಲಿ ಮಾತ್ರ ಆಹಾರ ಕೊಟ್ಟಾಗ, ಕೆಲವು ದಿನಗಳಲ್ಲಿ ಅವುಗಳ ಯಕೃತ್ತಿನ ಗಡಿಯಾರವು ತಲೆಕೆಳಗಾಗಿ ರಾತ್ರಿಯನ್ನು ಹಗಲೆಂದು ಎಣಿಸತೊಡಗಿತು. ಮಿದುಳಿನ ಗಡಿಯಾರವಾದರೋ ಅಲುಗದೆ ಮುಂಚಿನ ಹಾಗೆಯೇ ನಡೆಯಿತು. ಮಿದುಳಿನ ಗಡಿಯಾರಕ್ಕೆ ಬೆಳಕೇ ಒಡೆಯನು. ಯಕೃತ್ತಿನ ಗಡಿಯಾರಕ್ಕೆ ಊಟವೇ ಒಡೆಯನು. ಇಬ್ಬರು ಒಡೆಯರು ಒಂದೇ ಮಾತು ಹೇಳುವಷ್ಟು ಕಾಲ ಮನೆಯಲ್ಲಿ ಸಮಾಧಾನ. ಅವರು ಬೇರೆ ಬೇರೆ ಮಾತಾಡಿದರೆ ಕಷ್ಟಪಡುವವರು ಆಳುಗಳು.

ಈ ಗಡಿಯಾರಗಳ ಆಜ್ಞೆಯನ್ನು ರಕ್ತದ ಮೂಲಕ ಒಯ್ಯುವ ದೂತರಿಗೆ ಹಾರ್ಮೋನುಗಳೆಂದು ಹೆಸರು. ೧೯೦೫ರಲ್ಲಿ ಸ್ಟಾರ್ಲಿಂಗ್ ಎಂಬ ಆಂಗ್ಲ ಪಂಡಿತನು ಈ ಶಬ್ದವನ್ನು ಬಳಕೆಗೆ ತಂದನು. ಗ್ರೀಕ್ ಭಾಷೆಯಲ್ಲಿ ಎಬ್ಬಿಸುವದು ಎಂದು ಅದರ ಅರ್ಥ. ಇವುಗಳಲ್ಲಿ ಹಸಿವೆಗೆ ಸಂಬಂಧಪಟ್ಟ ಮುಖ್ಯವಾದದ್ದು ಗ್ರೆಲಿನ್. ಜಪಾನಿನ ಕೊಜಿಮಾ, ಕಂಗಾವಾ ಎಂಬವರು ೧೯೯೯ರಲ್ಲಿ ಇದನ್ನು ಇಲಿಯ ಜಠರದಿಂದ ಬೇರ್ಪಡಿಸಿ ಗುರುತಿಸಿದರು. ಜಠರದಲ್ಲಿ ಹುಟ್ಟಿ ಮಿದುಳಿಗೆ ಹೋಗಿ "ಹೊತ್ತಾಯಿತು, ಎಲೆ ಹಾಕಿರಿ" ಎಂದು ಹೇಳುವ ದೂತನಿದು. ೨೦೦೧ರಲ್ಲಿ ಸಿಯಾಟಲ್ ಪಟ್ಟಣದ ವೈದ್ಯರು ದಿನವಿಡೀ ರಕ್ತವನ್ನು ಪರೀಕ್ಷಿಸಿ, ಪ್ರತಿ ಊಟಕ್ಕೆ ಮುಂಚಿತವಾಗಿ ಗ್ರೆಲಿನ್ ಏರುವದನ್ನೂ ಉಂಡ ತರುವಾಯ ಇಳಿಯುವದನ್ನೂ ಕಂಡರು. ಅನ್ನವು ಹೊಟ್ಟೆಗೆ ಬಂದದ್ದರಿಂದ ಇಳಿಯಿತೆಂದು ಯಾರಾದರೂ ಹೇಳಬಹುದು. ಆದರೆ ೨೦೦೫ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ ಒಂದು ಹಗಲು ಒಂದು ರಾತ್ರಿ ಪೂರ್ಣ ಉಪವಾಸವಿದ್ದವರಲ್ಲಿಯೂ ಅದು ಬಳಕೆಯ ಊಟದ ಹೊತ್ತಿಗೆ ಏರಿ, ಒಂದು ತುತ್ತೂ ಬೀಳದಿದ್ದಾಗ್ಯೂ ತಾನಾಗಿಯೇ ಇಳಿಯಿತು. ಸಮುದ್ರದ ಭರತವು ದಡದಲ್ಲಿ ಯಾರಿದ್ದಾರೆಂದು ನೋಡಿ ಬರುವದಿಲ್ಲವಷ್ಟೇ. ಲೆಂಟ್ ದಿನಗಳಲ್ಲಿ ಉಪವಾಸ ಮಾಡುವ ನಮ್ಮ ಸಭೆಯ ತಾಯಂದಿರಿಗೂ, ರಮಜಾನ್ ತಿಂಗಳಲ್ಲಿ ಉಪವಾಸವಿದ್ದುಕೊಂಡೇ ಪಾಠಗಳಿಗೆ ಬರುವ ನಮ್ಮ ಮುಸಲ್ಮಾನ ಹುಡುಗಿಯರಿಗೂ ಇದು ಪುಸ್ತಕದಿಂದ ಕಲಿಯಬೇಕಾದ ಸಂಗತಿಯಲ್ಲ. ಮಧ್ಯಾಹ್ನದ ಗಂಟೆಗೆ ಬರುವ ಸಂಕಟವು ಎರಡು ಗಂಟೆಯ ಹೊತ್ತಿಗೆ ತಾನಾಗಿ ಕಡಮೆಯಾಗುವದೆಂದು ಅವರೇ ನಮಗೆ ಹೇಳಿದ್ದಾರೆ.

ಗ್ರೆಲಿನ್‌ಗೆ ಎದುರಾಗಿ ನಿಲ್ಲುವದು ಲೆಪ್ಟಿನ್. ಇದು ಕೊಬ್ಬಿನಿಂದ ಹುಟ್ಟಿ, ಮನೆಯಲ್ಲಿ ದಾಸ್ತಾನು ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುವಂಥದು. ೧೯೯೪ರಲ್ಲಿ ಜೆಫ್ರಿ ಫ್ರೀಡ್‌ಮನ್ ಎಂಬವರೂ ಅವರ ಸಂಗಡಿಗರೂ ಕಂಡುಹಿಡಿದದ್ದು. ರಾತ್ರಿಯಲ್ಲಿ ಇದರ ಪ್ರಮಾಣವು ಏರುತ್ತದೆ. ನಿದ್ರೆಯ ನಡುವೆ ಹಸಿವೆಯು ನಮ್ಮನ್ನು ಎಬ್ಬಿಸದಿರುವದಕ್ಕೆ ಇದೂ ಸಹಾಯ. ಬೆಳಗಿನ ಜಾವದಲ್ಲಿ ಕಾರ್ಟಿಸಾಲ್ ಏರಿ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸಿ, ಏಳುವದಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವದು. ಸಂಜೆಗತ್ತಲೆಯಲ್ಲಿ ಮೆಲಟೋನಿನ್ ಏರಿ ನಿದ್ರೆಗೆ ದಾರಿ ಮಾಡುವದು. ರಕ್ತದ ಸಕ್ಕರೆಯನ್ನು ಅಂಗಾಂಗಗಳಿಗೆ ಹಂಚುವ ಇನ್ಸುಲಿನ್ ಹಗಲಿನಲ್ಲಿ ಚುರುಕು, ರಾತ್ರಿಯಲ್ಲಿ ಮಂದ. ಅದೇ ಅನ್ನ, ಅದೇ ಸಾರು, ಅದೇ ಅಳತೆ; ಬೆಳಿಗ್ಗೆ ಉಂಡಾಗ ರಕ್ತದ ಸಕ್ಕರೆಯು ಒಂದು ಮಟ್ಟಕ್ಕೆ ಏರಿದರೆ, ರಾತ್ರಿ ಉಂಡಾಗ ಅದಕ್ಕಿಂತ ಹೆಚ್ಚಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಹಸಿವೆಯು ಅತಿ ಹೆಚ್ಚಾಗಿರುವ ಹೊತ್ತು ಮತ್ತು ದೇಹವು ಅನ್ನವನ್ನು ಚೆನ್ನಾಗಿ ಸಾಗಿಸಿಕೊಳ್ಳಬಲ್ಲ ಹೊತ್ತು ಒಂದೇ ಅಲ್ಲವೆಂಬದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು.

ಈಗ ನಮ್ಮ ಹುಡುಗಿಯರ ವಿಷಯಕ್ಕೆ ಬರೋಣ. ಹನ್ನೆರಡು ಹದಿಮೂರು ವಯಸ್ಸಿನಿಂದ ಮುಂದಕ್ಕೆ, ದೇಹವು ಬೆಳೆದು ಪ್ರೌಢವಾಗುವ ಕಾಲದಲ್ಲಿ, ದೊಡ್ಡ ಗಡಿಯಾರವು ಸ್ವಭಾವದಿಂದಲೇ ಹಿಂದೆ ಸರಿಯುತ್ತದೆ. ನಿದ್ರೆಯು ತಡವಾಗಿ ಬರುವದು, ಎಚ್ಚರವೂ ತಡವಾಗಿ ಆಗುವದು. ಅಂಥವಳನ್ನು ಐದೂವರೆಗೆ ಎಬ್ಬಿಸಿ, ಆರೂವರೆಗೆ ತಟ್ಟೆಯ ಮುಂದೆ ಕೂರಿಸಿ, ಏಳು ಗಂಟೆಯ ಬಸ್ಸಿಗೆ ಕಳುಹಿಸಿದರೆ, ನಮ್ಮ ಲೆಕ್ಕಕ್ಕೆ ಅದು ಬೆಳಿಗ್ಗೆ. ಅವಳ ದೇಹದ ಲೆಕ್ಕಕ್ಕೆ ಇನ್ನೂ ರಾತ್ರಿ. ಇದರ ಮೇಲೆ ನಿದ್ರೆಯೂ ಕಡಮೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ೧೨ ಮಂದಿ ತರುಣರನ್ನು ಎರಡು ರಾತ್ರಿ ನಾಲ್ಕೇ ತಾಸು ಮಲಗಿಸಿ, ಹತ್ತು ತಾಸು ಮಲಗಿಸಿದಾಗಿನ ಸ್ಥಿತಿಯೊಡನೆ ಹೋಲಿಸಿ ನೋಡಿದರು. ಲೆಪ್ಟಿನ್ ನೂರಕ್ಕೆ ೧೮ರಷ್ಟು ಇಳಿದಿತ್ತು, ಗ್ರೆಲಿನ್ ನೂರಕ್ಕೆ ೨೮ರಷ್ಟು ಏರಿತ್ತು, ಹಸಿವೆಯು ನೂರಕ್ಕೆ ೨೪ರಷ್ಟು ಹೆಚ್ಚಿತ್ತು. ಇದು ೨೦೦೪ರಲ್ಲಿ ಪ್ರಕಟವಾದ ಶೋಧನೆ. ಅವರಿಗೆ ಹೆಚ್ಚಾಗಿ ಬೇಕೆನಿಸಿದ್ದು ಸಿಹಿಯೂ ಉಪ್ಪಿನ ಕುರುಕಲೂ. ಪರೀಕ್ಷೆಯ ದಿನಗಳಲ್ಲಿ ನಡುರಾತ್ರಿಯ ಪರ್ಯಂತ ಮೊಬೈಲಿನ ಬೆಳಕಿನಲ್ಲಿ ಓದುತ್ತಾ ಒಂದೊಂದಾಗಿ ಬಿಸ್ಕತ್ತಿನ ಪೊಟ್ಟಣಗಳನ್ನು ಬರಿದುಮಾಡುವ ಹತ್ತನೆಯ ತರಗತಿಯವರ ತಂದೆತಾಯಿಗಳಿಗೆ ಈ ಅಂಕೆಗಳ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿನ ಮುಂದೆ ಹಿಡಿದ ಆ ಬೆಳಕು ಮೆಲಟೋನಿನ್‌ನ್ನು ತಡೆದು ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ರಾತ್ರಿ ಹೊಟ್ಟೆಗೆ ಹೋದದ್ದು ಮರುದಿನ ಬೆಳಗಿನ ಹಸಿವೆಯನ್ನು ಮತ್ತಷ್ಟು ಕುಗ್ಗಿಸುತ್ತದೆ.

ಹಾಗೆಂದು ಬೆಳಿಗ್ಗೆ ಉಣ್ಣದೆ ಹೋಗಲಿ ಎಂದು ನಾವು ಹೇಳುವದಿಲ್ಲ. ಹತ್ತೂವರೆಯ ಗಣಿತದ ಪಾಠದಲ್ಲಿ ತಲೆಯು ಮೇಜಿನ ಮೇಲೆ ಬಾಗುವದನ್ನು ದಿನವೂ ನೋಡುವವರು ನಾವು. ಆದರೆ ತಟ್ಟೆಯ ತುಂಬಾ ಬಡಿಸಿ ಮುಂದೆ ನಿಂತು ಗದರಿಸುವದರಿಂದ ಗ್ರೆಲಿನ್ ಏರುವದಿಲ್ಲ. ಅದು ಏರುವದು ಬಳಕೆಯಿಂದ. ಬೆಳಗಿನ ಉಪಾಹಾರದ ಅಭ್ಯಾಸವು ಬೇರೆ ಬೇರೆಯಾಗಿರುವ ಜನರಲ್ಲಿ ಗ್ರೆಲಿನ್ ಅವರವರ ಬಳಕೆಯ ಹೊತ್ತಿಗೇ ಏರುವದೆಂದು ಪರೀಕ್ಷಿಸಿದವರು ಹೇಳಿದ್ದಾರೆ. ನಮ್ಮ ಬೋರ್ಡಿಂಗಿನಲ್ಲಿಯೂ ಇದನ್ನು ಕಾಣಬಹುದು. ಜೂನ್ ತಿಂಗಳಲ್ಲಿ ಹೊಸದಾಗಿ ಬಂದವರು ಏಳೂಕಾಲಿನ ಕುಚ್ಚಲಕ್ಕಿ ಗಂಜಿಯನ್ನು ಕಂಡು ಮುಖ ತಿರುಗಿಸುತ್ತಾರೆ. ಮೇಟ್ರನ್ ಅವರು ಯಾರನ್ನೂ ಬಲಾತ್ಕರಿಸುವದಿಲ್ಲ. ಅರ್ಧ ಬಟ್ಟಲು ಗಂಜಿ, ಚಿಟಿಕೆ ಉಪ್ಪಿನಕಾಯಿ, ಆದರೆ ದಿನವೂ ಅದೇ ಹೊತ್ತಿಗೆ. ಜುಲೈ ಕೊನೆಗೆ ಅವರೇ "ಚಟ್ನಿ ಇಲ್ಲವೋ" ಎಂದು ಕೇಳುವರು. ಮನೆಯಲ್ಲಿಯೂ ಇದನ್ನು ಮಾಡಬಹುದು. ಒಂದು ಬಾಳೆಹಣ್ಣು, ಒಂದು ದೋಸೆ, ಅರ್ಧ ಲೋಟ ಹಾಲು ಇಷ್ಟರಿಂದ ಆರಂಭವಾಗಲಿ. ಹೊತ್ತು ಮಾತ್ರ ಬದಲಾಗಬಾರದು. ಎದ್ದ ಕೂಡಲೇ ಅಂಗಳದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಇರಲಿ. ಗಿಡಕ್ಕೆ ನೀರು ಹಾಕುವ ಕೆಲಸವಾದರೂ ಆದೀತು. ಬುತ್ತಿಯಲ್ಲಿ ಏನಾದರೂ ಒಂದಿಷ್ಟು ಹೆಚ್ಚಾಗಿ ಇಡಿರಿ. ಹತ್ತೂವರೆಯ ಬಿಡುವಿನಲ್ಲಿ ಅವಳಿಗೆ ನಿಜವಾದ ಹಸಿವು ಬಂದಾಗ ಪೆಟ್ಟಿಗೆಯಂಗಡಿಯ ಪೊಟ್ಟಣಗಳಿಗೆ ಓಡದಿರುವಳು.

ಆದರೆ ಹುಡುಗಿಗೆ ಬೆಳಿಗ್ಗೆ ಮಾತ್ರವಲ್ಲದೆ ದಿನವಿಡೀ ಊಟವು ಸೇರದಿದ್ದರೆ, ತೂಕ ಇಳಿಯುತ್ತಿದ್ದರೆ, ಮುಖವು ಬಿಳುಪೇರಿ ಮೆಟ್ಟಲು ಹತ್ತುವಾಗ ಏದುಸಿರು ಬಂದರೆ, ಅದು ಗಡಿಯಾರದ ಮಾತಲ್ಲ. ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ತೆಳ್ಳಗಾಗಬೇಕೆಂದು ಬೇಕೆಂದೇ ಊಟ ಬಿಡುವವರೂ ದೊಡ್ಡ ತರಗತಿಗಳಲ್ಲಿ ಇಲ್ಲದಿಲ್ಲ. ಅವರೊಡನೆ ಬೇರೆಯೇ ಮಾತಾಡಬೇಕು, ಅದೂ ಮೆಲ್ಲಗೆ.

ಇನ್ನು ದೂರು ಹೇಳಲು ಬರುವ ತಾಯಂದಿರ ಸಂಗಡವೂ ಒಂದು ಮಾತುಂಟು. ಮಗಳ ಊಟದ ಹೊತ್ತನ್ನು ಕುರಿತು ಕೇಳುವವರನ್ನು ನಾವು ತಿರುಗಿ, "ಅಮ್ಮಾ, ನೀವು ರಾತ್ರಿ ಎಷ್ಟು ಗಂಟೆಗೆ ಉಣ್ಣುತ್ತೀರಿ?" ಎಂದು ಕೇಳುವದುಂಟು. ಉತ್ತರವು ಹೆಚ್ಚಾಗಿ ಹತ್ತು, ಕೆಲವೊಮ್ಮೆ ಹನ್ನೊಂದು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ತಾಯಿಯು ಬೀಡಿ ಕಟ್ಟಿ ಕೂಡಿಟ್ಟು, ಗಂಡನಿಗೂ ಮಕ್ಕಳಿಗೂ ಮುದುಕರಿಗೂ ಬಡಿಸಿ, ಪಾತ್ರೆ ತೊಳೆದು, ಉಳಿದದ್ದನ್ನು ಕಟ್ಟಕಡೆಗೆ ಉಂಡು, ಕೂಡಲೇ ಚಾಪೆಯ ಮೇಲೆ ಬೀಳುತ್ತಾಳೆ. ಇದನ್ನು ತ್ಯಾಗವೆಂದು ಹೊಗಳುವವರು ಬಹು ಮಂದಿ. ನಾವು ಹೊಗಳುವದಿಲ್ಲ. ೨೦೨೨ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ತೂಕ ಹೆಚ್ಚಾಗಿದ್ದ ೧೬ ಮಂದಿಗೆ ಅದೇ ಆಹಾರವನ್ನೇ ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟರು. ತಡವಾಗಿ ಉಂಡಾಗ ಅವರ ಹಸಿವೆಯು ಹೆಚ್ಚಿತು, ಎಚ್ಚರವಾಗಿರುವ ಹೊತ್ತಿನಲ್ಲಿ ದೇಹವು ವ್ಯಯಿಸುವ ಶಕ್ತಿಯು ಕಡಮೆಯಾಯಿತು. ಸಿಹಿಮೂತ್ರ ರೋಗವು ಮನೆಮನೆಯಲ್ಲಿ ಕಾಣುವ ಈ ಕಾಲದಲ್ಲಿ, ಇನ್ಸುಲಿನ್ ಮಂದವಾದ ಗಳಿಗೆಯಲ್ಲಿ ದಿನದ ಮುಖ್ಯ ಊಟವನ್ನು ಮಾಡುವದು ಯಾರ ಪುಣ್ಯಕ್ಕೂ ಅಲ್ಲ. ಗಂಡನ ಎಲೆಯ ಪಕ್ಕದಲ್ಲಿ ಹೆಂಡತಿಯ ಎಲೆಯನ್ನೂ ಎಂಟು ಗಂಟೆಗೇ ಹಾಕಿದರೆ ಮನೆಯ ಮರ್ಯಾದೆ ಕೆಡುವದಿಲ್ಲ. ಪಾತ್ರೆ ತೊಳೆಯಲು ನಮ್ಮ ಹುಡುಗಿಯರೂ ಅವರ ಅಣ್ಣತಮ್ಮಂದಿರೂ ಇದ್ದಾರೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆಸ್ಪತ್ರೆಗಳಲ್ಲಿ ನರ್ಸುಗಳಾಗಿ ಊರಲ್ಲಿಯೂ ಪರದೇಶದಲ್ಲಿಯೂ ಸೇವೆ ಮಾಡುತ್ತಿರುವರು. ರಾತ್ರಿ ಪಾಳಿಯ ಕೆಲಸದಿಂದ ಹೊಟ್ಟೆ ಕೆಟ್ಟಿತೆಂದೂ ತೂಕ ಏರಿತೆಂದೂ ಬರೆಯುವವರು ಅವರಲ್ಲಿ ಕಡಮೆಯಿಲ್ಲ. ಇಲ್ಲಿಯೇ ಇಬ್ಬರು ಒಡೆಯರ ಜಗಳವು ಹೆಚ್ಚಾಗಿ ಕಾಣುವದು: ಕತ್ತಲೆಯು ಮಲಗೆನ್ನುವದು, ಊಟವು ಏಳೆನ್ನುವದು. ೨೦೨೧ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ ೧೯ ಮಂದಿಯನ್ನು ರಾತ್ರಿ ಪಾಳಿಯವರಂತೆ ಎಚ್ಚರವಾಗಿಟ್ಟು, ಕೆಲವರಿಗೆ ರಾತ್ರಿಯೂ ಊಟ ಕೊಟ್ಟರು, ಮಿಕ್ಕವರಿಗೆ ಹಗಲಿನಲ್ಲಿ ಮಾತ್ರ ಕೊಟ್ಟರು. ರಾತ್ರಿ ಉಂಡವರ ರಕ್ತದ ಸಕ್ಕರೆಯು ಸರಾಸರಿ ನೂರಕ್ಕೆ ೬.೪ರಷ್ಟು ಏರಿತು, ಹಗಲಿನಲ್ಲಿ ಮಾತ್ರ ಉಂಡವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಪರೀಕ್ಷೆಯು ಚಿಕ್ಕದು, ನಿಜ. ಆದರೂ ಪಾಳಿಗೆ ಹೋಗುವ ಮೊದಲು ಸರಿಯಾದ ಊಟ ಮಾಡಿ, ನಡುರಾತ್ರಿಯಿಂದ ಬೆಳಗಿನ ತನಕ ನೀರು, ಬೇಕಾದರೆ ಹಗುರವಾದ ಸ್ವಲ್ಪ ತಿಂಡಿ ಇಷ್ಟರಲ್ಲಿ ಕಳೆಯಲು ಪ್ರಯತ್ನಿಸಬಹುದೆಂದು ನಮ್ಮ ಅಭಿಪ್ರಾಯ. ಸಿಹಿಮೂತ್ರಕ್ಕೆ ಔಷಧಿ ತೆಗೆದುಕೊಳ್ಳುವವರು ಮಾತ್ರ ತಮ್ಮ ಡಾಕ್ಟರನ್ನು ಕೇಳದೆ ಇದನ್ನು ಮಾಡಕೂಡದು.

ಬೋರ್ಡಿಂಗಿನ ಮಕ್ಕಳ ಪಾಲಕರಿಗೆ ಒಂದು ತಿಳಿವಳಿಕೆ. ಕಳೆದ ಜೂನ್ ತಿಂಗಳಿಂದ ರಾತ್ರಿಯ ಊಟವನ್ನು ಎಂಟೂವರೆಯಿಂದ ಏಳು ಗಂಟೆಗೆ ತಂದಿದ್ದೇವೆ. ಊಟವಾದ ಮೇಲೆ ಸಾಯಂಪ್ರಾರ್ಥನೆ, ಆ ಬಳಿಕ ಓದು. ಒಂಬತ್ತೂವರೆಗೆ ದೀಪ ಆರಿಸುವದು. ಓದುವ ಹೊತ್ತಿನಲ್ಲಿ ಹಸಿವಾಗುವದೆಂದು ಮೊದಮೊದಲು ದೊಡ್ಡ ಹುಡುಗಿಯರು ಗೊಣಗಿದ್ದರಿಂದ ಎಂಟೂಮುಕ್ಕಾಲಿಗೆ ಒಂದೊಂದು ಬಾಳೆಹಣ್ಣನ್ನು ಇಡಿಸಿದೆವು. ಮೊದಲ ವಾರ ಒಂದೂ ಉಳಿಯಲಿಲ್ಲ. ಈಗ ದಿನಕ್ಕೆ ಮೂರು ನಾಲ್ಕು ಬುಟ್ಟಿಯಲ್ಲಿಯೇ ಉಳಿಯುತ್ತಿವೆ; ಅವು ಮರುದಿನ ಬೆಳಿಗ್ಗೆ ಗಂಜಿಯ ಸಂಗಡ ಖರ್ಚಾಗುತ್ತವೆ.